ಕಲ್ಸಮುದ್ರದ ಮೀನಿನ ಕೈಫಿಯತ್ತು

ಕಡ್ಲಿಪೇಟೆ ಜಾಗೀರಿಗೆ ಸಮುದ್ರ ಬಂದದ್ದು ಫಸಲಿ ೧೩೫೩ನೆಯ ಸಾಲಿನ ದೈ ತಿಂಗಳು ಹನ್ನೊಂದನೆಯ ತಾರೀಖು, ಹಗಲು ಹನ್ನೊಂದು ಗಂಟೆಗೆ, ಟಪಾಲಿನಲ್ಲಿ. ಇಂಗ್ರೇಜಿ ಲೆಕ್ಕದಲ್ಲಿ ಅದು ನಲವತ್ಮೂರನೆಯ ಇಸವಿಯ ನವೆಂಬರು. ಹಿಂಗಾರಿ ಜೋಳ ಮೊಣಕಾಲು ದಾಟಿದ ಹೊತ್ತು.

ಅದಕ್ಕೂ ಮೊದಲು ಅಲ್ಲಿ ಸಮುದ್ರ ಇದ್ದ ದಾಖಲೆಯಿಲ್ಲ. ಇತ್ತ ಕುಷ್ಟಗಿ, ಅತ್ತ ಯಲಬುರ್ಗಾ, ನಡುವೆ ಏಳು ಹಳ್ಳಿಯ ಪುಟ್ಟ ಜಾಗೀರು ಅದು. ಜಾಗೀರದಾರರು ಹೈದರಾಬಾದಿನಲ್ಲಿ ಇರುತ್ತಿದ್ದರು, ಜಾಗೀರು ಇಲ್ಲಿ ಇರುತ್ತಿತ್ತು, ಎರಡೂ ಎದುರುಬದುರಾದದ್ದನ್ನು ಯಾರೂ ಕಂಡಿರಲಿಲ್ಲ. ನೀರು ಅಂದರೆ ಬಾವಿಯದು, ಬಾವಿ ಅಂದರೆ ಮೂವತ್ತು ಮೆಟ್ಟಿಲು. ಏಳೂ ಹಳ್ಳಿ ಜಾಲಾಡಿದರೂ ಸಮುದ್ರ ಕಂಡವ ಒಬ್ಬನೇ ಸಿಗುತ್ತಿದ್ದ, ಗೋಕರ್ಣಕ್ಕೆ ಹೋಗಿಬಂದ ಮುದಿಯಪ್ಪಜ್ಜ. ಅವನನ್ನು ಕೇಳಿದರೂ "ಭಾಳ ಉಪ್ಪು" ಅನ್ನುವುದರ ಆಚೆ ಅವನ ಬಾಯಿಂದ ಏನೂ ಹೊರಡುತ್ತಿರಲಿಲ್ಲ.

ಟಪಾಲು ಒಡೆದವನು ಗುಮಾಸ್ತ ಅಂದಪ್ಪ. ಹನ್ನೊಂದು ವರ್ಷದಿಂದ ಜಾಗೀರು ಕಚೇರಿಯ ಚಾಪೆಯ ಮೇಲೆ ಕೂತು ಬರೆಯುತ್ತಿದ್ದ. ಅಕ್ಷರ ದುಂಡಗೆ, ಮನುಷ್ಯ ಸಾಧು. ಅವನಲ್ಲಿದ್ದ ಐಬು ಒಂದೇ: ಏನಾದರೂ ಕೇಳಿದರೆ ಕಣ್ಣಿಗೆ ಕಂಡದ್ದನ್ನೇ ಬರೆದುಬಿಡುತ್ತಿದ್ದ. ಕಚೇರಿಯಲ್ಲಿ ಇಂಥ ಐಬು ಇದ್ದವನು ಮೇಲೆ ಬರುವುದಿಲ್ಲ, ಅಂದಪ್ಪನೂ ಬಂದಿರಲಿಲ್ಲ. ಅದರ ದುಃಖವೂ ಅವನಿಗಿರಲಿಲ್ಲ. ಹೆಂಡತಿ ಕಳಕಮ್ಮನಿಗೆ ತವರಿನಿಂದ ಬಂದ ನಾಲ್ಕೆಕರೆ ಎರೆಹೊಲ ಇತ್ತು. ವರ್ಷದ ರೊಟ್ಟಿ ಆ ಹೊಲದ್ದು. ಹೊಲವೂ ಮನೆಯೂ ಇದ್ದದ್ದು ಕಲ್ಸಮುದ್ರದಲ್ಲಿ.

ಕಲ್ಸಮುದ್ರ ಆ ಜಾಗೀರಿನ ಏಳನೆಯ ಹಳ್ಳಿ. ಹಿಂದೆ ಯಾವನೋ ಪಾಳೆಯಗಾರ ಎರಡು ಕಲ್ಲುಗುಡ್ಡಗಳ ನಡುವೆ ಒಡ್ಡು ಹಾಕಿಸಿ ಕೆರೆ ಕಟ್ಟಿಸಿದ್ದ. ಕೆರೆ ಕಟ್ಟಿಸಿದವರು ಅದನ್ನು ಕೆರೆ ಅನ್ನುವುದಿಲ್ಲ, ಸಮುದ್ರ ಅನ್ನುತ್ತಾರೆ. ದೊಡ್ಡವರ ಚಾಳಿ ಅದು. ಪಾಳೆಯಗಾರ ಸತ್ತ, ಒಡ್ಡು ಒಡೆಯಿತು, ನೀರು ಹೋಯಿತು, ಹೆಸರು ಉಳಿಯಿತು. ಮೂರು ತಲೆಮಾರಿನಿಂದ ಎಂಟು ಮನೆಯವರು ಆ ಕೆರೆಯಂಗಳದಲ್ಲಿ, ಬಂಡೆಗಳ ನಡುವೆ, ಬಿಳಿಜೋಳ ಬೆಳೆದು ಸುಖವಾಗಿ ಉಣ್ಣುತ್ತಿದ್ದರು.

ಈಗ ಕಾಗದದ ಮಾತು. ಯುದ್ಧ ನಡೆದಿತ್ತಲ್ಲ, ಬಹಳ ಮೇಲಿನ ಒಂದು ಕಚೇರಿಗೆ ಮೀನಿನ ಚಿಂತೆ ಹತ್ತಿತ್ತು. ಯಾವ ಕಚೇರಿ ಎಂಬುದು ಮೊಹರು ಮಸಕಾಗಿ ತಿಳಿಯುತ್ತಿರಲಿಲ್ಲ. ಕರಾವಳಿಯ ಸಮುದ್ರದಲ್ಲಿ, ನೀರೊಳಗಿನ ಬಂಡೆಗಳ ಸಂದಿಯಲ್ಲಿ ವಾಸಿಸುವ, ಮಾರಾಟಕ್ಕೆ ಹಿಡಿಯುವ ಮೀನುಗಳ ಹಾಲತ್ತು ಹೇಗಿದೆ, ಹೆಚ್ಚಿವೆಯೋ ಕಡಿಮೆಯಾಗಿವೆಯೋ, ಎಂದು ಅವರು ಸಮುದ್ರ ಇದ್ದವರನ್ನೂ ಇಲ್ಲದವರನ್ನೂ ಭೇದ ಮಾಡದೆ ಕೇಳಿದ್ದರು. ಕಾಗದ ಕೆಳಗಿಳಿಯುತ್ತ ಇಳಿಯುತ್ತ ಪ್ರತಿ ಕಚೇರಿಯಲ್ಲೂ ಒಂದೊಂದು "ಜರೂರ್" ಏರಿಸಿಕೊಂಡಿತು. ನಡುವೆ ಎಲ್ಲೋ ಉರ್ದುವಿಗೆ ತಿರುಗಿತು. ಕಡ್ಲಿಪೇಟೆ ಮುಟ್ಟುವಷ್ಟರಲ್ಲಿ ಅದರ ನೆತ್ತಿಯ ಮೇಲೆ ಎಂಟು ಜರೂರ್, ಅವುಗಳ ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು ಇತ್ತು: ಸಂಗ್ ಸಮುಂದರ್, ಮೀನಿನ ಹಾಲತ್ತು.

ಅಂದಪ್ಪ ಕಾಗದವನ್ನು ಪೇಶಕಾರ ತಿರುಪತಿಯವರ ಮುಂದೆ ಇಟ್ಟ. ತಿರುಪತಿಯವರು ತೆಲುಗು ಸೀಮೆಯವರು, ಉರ್ದು ಬಲ್ಲವರು, ಕಚೇರಿಯಲ್ಲಿ ತಹಶೀಲ್ದಾರ ಸಾಹೇಬರು ಸಹಿ ಮಾಡುತ್ತಿದ್ದರೆ ಯಾವುದಕ್ಕೆ ಮಾಡಬೇಕೆಂಬುದನ್ನು ನೋಡಿಕೊಳ್ಳುತ್ತಿದ್ದವರು. ಅವರು ಕನ್ನಡಕ ಹಾಕಿ ಓದಿದರು, ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು. ಇದು ನಮ್ಮದಲ್ಲ, ತಪ್ಪಿ ಬಂದಿದೆ, ವಾಪಸು ಕಳಿಸೋಣವೇ ಎಂದು ಅಂದಪ್ಪ ಕೇಳಿದ. ತಿರುಪತಿಯವರಿಗೆ ಅವನ ದಡ್ಡತನ ಕಂಡು ಬೇಸರವಾಯಿತು.

"ಸಂಗ್ ಅಂದ್ರೇನಪಾ?"

"ಕಲ್ಲು ರೀ."

"ಸಮುಂದರ್ ಅಂದ್ರ?"

"ಸಮುದ್ರ."

"ಕೂಡಿಸು."

ಅಂದಪ್ಪ ಕೂಡಿಸಿದ. ಕೂಡಿದ್ದು ಹೆಂಡತಿಯ ಹೊಲ ಇದ್ದ ಊರು. ಹಾಗಾದರೆ "ನದಾರದ್", ಅಂದರೆ ಇಲ್ಲ, ಎಂದು ಬರೆದು ಮುಗಿಸಲೇ ಎಂದ. ಅದಕ್ಕೂ ಕಾಯದೆ ಇತ್ತು. ಒಂದು ವಸ್ತು ಇಲ್ಲವೆಂದು ಬರೆಯಬೇಕಾದರೆ ಆ ವಸ್ತುವಿನ ಕಸುಬುದಾರರು ಮೂವರು ಹೆಬ್ಬೆಟ್ಟು ಒತ್ತತಕ್ಕದ್ದು. ಮೀನಿಲ್ಲ ಎನ್ನಲು ಮೂವರು ಬೆಸ್ತರು ಬೇಕು. ಕಲ್ಸಮುದ್ರದಲ್ಲಿ ಮೀನಿಲ್ಲದ್ದರಿಂದ ಬೆಸ್ತರು ಇರಲಿಲ್ಲ, ಬೆಸ್ತರು ಇಲ್ಲದ್ದರಿಂದ ಮೀನು ಇದ್ದವು. ಇದರಲ್ಲಿ ತಿರುಪತಿಯವರ ತಪ್ಪೇನೂ ಇರಲಿಲ್ಲ.

ಮರುದಿನ ಅಂದಪ್ಪ ಕಾಗದದ ಜೊತೆ ಬಂದಿದ್ದ ತಖ್ತೆಯ ಹಾಳೆ ಹಿಡಿದುಕೊಂಡು ಕಲ್ಸಮುದ್ರದ ಮುರುಕು ಒಡ್ಡಿನ ಮೇಲೆ ನಿಂತ. ಹನ್ನೊಂದು ಖಾನೆ. ಬಂಡೆಗಳು ಉಂಟೋ ಎಂದು ಕೇಳಿತ್ತು. ಬೇಕಾದಷ್ಟು ಎಂದು ಬರೆದ. ಬಂಡೆಗಳ ನಡುವೆ ಈಗ ಏನಿದೆ, ಜಾತಿಯ ಹೆಸರು ಬರೆಯಿರಿ ಎಂದಿತ್ತು. ಅಂದಪ್ಪ ನೋಡಿದ, ಬಿಳಿಜೋಳ ಎಂದು ಬರೆದ. ಎಷ್ಟು ಉದ್ದ ಬೆಳೆಯುತ್ತದೆ? ಆಳುದ್ದ. ಯಾವ ಸಾಧನದಿಂದ ಹಿಡಿಯುತ್ತಾರೆ? ಕುಡಗೋಲು. ಯಾವ ಕಾಲದಲ್ಲಿ? ಫರ್ವರ್ದಿ ತಿಂಗಳು, ಸುಗ್ಗಿಯಲ್ಲಿ. ದೋಣಿ ಎಷ್ಟು ಎಂಬಲ್ಲಿ ತುಸು ಯೋಚಿಸಿ, ಸಾಗಿಸುವುದಕ್ಕೆ ಬಂಡಿ ಎಂಟು ಎಂದ. ಶತ್ರುಗಳು: ಗುಬ್ಬಿ, ಗಿಳಿ, ಬಾಜೂಕಿನವರ ಎಮ್ಮೆ. ರೋಗ: ಕಾಡಿಗೆ. ಜನ ಹೇಗೆ ತಿನ್ನುತ್ತಾರೆ: ರೊಟ್ಟಿ, ನುಚ್ಚು, ಅಂಬಲಿ. ಕೊನೆಯ ಖಾನೆಯಲ್ಲಿ, ಹಿಂದಿನ ಸಾಲಿಗಿಂತ ಹೆಚ್ಚೋ ಕಡಿಮೆಯೋ ಎಂದಿತ್ತು. ಮಳೆ ಹಿಂದಾದ ಕಾರಣ ಕಡಿಮೆ ಎಂದು ಬರೆದು, ಒಂದೂ ಸುಳ್ಳಿಲ್ಲವೆಂಬ ಸಮಾಧಾನದಿಂದ ಮನೆಗೆ ಹೋಗಿ ಉಂಡ. ಇದನ್ನು ಓದಿದ ಯಾರಾದರೂ ನಕ್ಕು ಕಾಗದವನ್ನು ಬದಿಗೆ ಸರಿಸುತ್ತಾರೆಂದು ಅವನ ಎಣಿಕೆ.

ಯಾರೂ ನಗಲಿಲ್ಲ. ಮೇಲಿನ ಕಚೇರಿಗಳಲ್ಲಿ ಜೋಳದ ರೊಟ್ಟಿ ತಿನ್ನುವವರು ಕೆಳಗಿನ ಕುರ್ಚಿಯಲ್ಲಿದ್ದರು, ಕಾಗದ ಓದುವವರು ಅನ್ನ ತಿನ್ನುವವರು. ಇಡೀ ಸೀಮೆಯಿಂದ ಖಾನೆಗಳೆಲ್ಲ ತುಂಬಿ ಬಂದ ಕೈಫಿಯತ್ತು ಇದೊಂದೇ ಆಗಿತ್ತು. ಮುಂದಿನ ಬಹಮನ್ ತಿಂಗಳು ಮುಗಿಯುವುದರೊಳಗೆ ಹುಕುಂ ಬಂತು. ಅದನ್ನು ಕನ್ನಡಕ್ಕೆ ಇಳಿಸಿದವನೂ ಅಂದಪ್ಪನೇ, ಕಲ್ಸಮುದ್ರದ ಅಗಸಿಯಲ್ಲಿ ಹಲಗಿ ಬಾರಿಸುವಾಗ ಬಾಜೂಕ ನಿಂತು ಓದಿದವನೂ ಅವನೇ:

"ಸರ್ವ ಜನರಿಗೂ ತಿಳಿಯಪಡಿಸುವುದೇನೆಂದರೆ, ಮೌಜೆ ಕಲ್ಸಮುದ್ರದ ಬಂಡೆಗಳಲ್ಲಿ ವಾಸಿಸುವ, ಮುಳ್ಳಿಲ್ಲದ, ಆಳುದ್ದ ಬೆಳೆಯುವ ಬಿಳಿಜೋಳವೆಂಬ ಮೀನು ದಿನೇ ದಿನೇ ಕಡಿಮೆಯಾಗುತ್ತಿರುವುದು ಸರಕಾರದ ಗಮನಕ್ಕೆ ಬಂದಿದೆ. ಆದಕಾರಣ ಇಸ್ಫಂದಾರ್ ಒಂದರಿಂದ ತೀರ್ ಕೊನೆಯವರೆಗೆ ಐದು ತಿಂಗಳು ಸದರಿ ಮೀನು ಮರಿ ಹಾಕುವ ಕಾಲವೆಂದು ಗೊತ್ತುಪಡಿಸಿದೆ. ಈ ಅವಧಿಯಲ್ಲಿ ಯಾರೂ ಕುಡಗೋಲು ಹಿಡಿದು ಸಮುದ್ರಕ್ಕೆ ಇಳಿಯತಕ್ಕದ್ದಲ್ಲ. ಮೀನಿನ ಶತ್ರುವಾದ ಎಮ್ಮೆಗಳನ್ನು ದಂಡೆಯಿಂದ ಇನ್ನೂರು ಹೆಜ್ಜೆ ದೂರ ಕಟ್ಟತಕ್ಕದ್ದು."

ಕಲ್ಸಮುದ್ರದವರು ಕೇಳಿದರು. ಎಮ್ಮೆಯ ಮಾತು ಅವರಿಗೆ ತಿಳಿಯಿತು, ಉಳಿದದ್ದು ತಿಳಿಯಲಿಲ್ಲ. ಕಳಕಮ್ಮನಿಗೆ ಮಾತ್ರ ಪೂರಾ ತಿಳಿಯಿತು, ಯಾಕೆಂದರೆ ಗಂಡ ಉಣ್ಣುವಾಗ ತಲೆ ತಗ್ಗಿಸಿದ್ದ. ಫರ್ವರ್ದಿಯಲ್ಲಿ ಕೊಯ್ಯದಿದ್ದರೆ ತೆನೆ ಒಣಗಿ ಕಾಳು ಉದುರುತ್ತದೆ. ಉಳಿದದ್ದನ್ನು ಹಕ್ಕಿ ಮುಗಿಸುತ್ತವೆ. ಐದು ತಿಂಗಳು ಬಿಟ್ಟರೆ ಹೊಲದಲ್ಲಿ ಬರಿಯ ದಂಟು.

"ಮಂದಿ ಹೊಲ ಮಾರಿ ಕಳಕೊಳ್ಳೂದು ಕೇಳೀನಿ, ಜಗಳಾಡಿ ಕಳಕೊಳ್ಳೂದು ಕೇಳೀನಿ," ಎಂದಳು ಕಳಕಮ್ಮ. "ನೀವು ಛಲೋ ಅಕ್ಷರದಾಗ ಬರದು ಕಳದ್ರಿ."

ಅಂದಪ್ಪ, ತಾನು ಖರೇನೇ ಬರೆದಿದ್ದೆ ಎಂದ. ಅದು ತನಗೂ ಗೊತ್ತೆಂದು, ಖರೇ ಬರೆದದ್ದಕ್ಕೇ ಹೀಗಾಗಿದ್ದರೆ ಸುಳ್ಳು ಬರೆದಿದ್ದರೆ ಏನಾಗುತ್ತಿತ್ತೋ ನೋಡಬೇಕಿತ್ತೆಂದು ಅವಳು ಸೆರಗು ಬಿಗಿದುಕೊಂಡು ಒಳಗೆ ಹೋದಳು. ಆ ರಾತ್ರಿ ಅವನ ರೊಟ್ಟಿಗೆ ಪಲ್ಯ ಬರಲಿಲ್ಲ.

ಉಳಿದದ್ದು ಒಂದೇ ದಾರಿ, ಮೂವರು ಬೆಸ್ತರು. ಗಂಗಾವತಿ ಕಡೆಯ ಸಾಣಾಪುರದಿಂದ ದುರುಗವ್ವನೆಂಬ ಬೆಸ್ತರ ಹೆಣ್ಣುಮಗಳು ಕಡ್ಲಿಪೇಟೆ ಸಂತೆಗೆ ಹದಿನೈದು ದಿನಕ್ಕೊಮ್ಮೆ ಹೊಳೆಯ ಒಣಮೀನು ತಂದು ಮಾರುತ್ತಿದ್ದಳು. ಅಂದಪ್ಪ ಲಿಂಗ ಕಟ್ಟಿದವ. ಸಂತೆಯಲ್ಲಿ ಆ ಮೂಲೆಗೆ ಈವರೆಗೆ ಮುಖ ಹಾಕಿದವನಲ್ಲ. ಧೋತರದ ಚುಂಗನ್ನು ಮೂಗಿಗೆ ಹಿಡಿದು, ಬುಟ್ಟಿಯಿಂದ ಐದು ಹೆಜ್ಜೆ ದೂರ ನಿಂತು, ತನ್ನ ಸಂಕಟ ಹೇಳಿಕೊಂಡ. ಆ ಹೊತ್ತಿಗೇ ಮಠದ ಅಯ್ಯನವರು ಅತ್ತ ಹಾಯಬೇಕೇ. ಕಾಯಿಪಲ್ಯ ಕೊಳ್ಳುತ್ತಿದ್ದವರು ತಿರುಗಿ, ಕೊರಳಾಗ ಲಿಂಗ ಇದ್ದವ ಮೀನಿನ ಬುಟ್ಟಿ ಮುಂದ ಏನು ಮಾಡ್ತಿದ್ದೀಯೋ ಎಂದು ಇಡೀ ಸಂತೆಗೆ ಕೇಳುವಂತೆ ಕೇಳಿದರು. ಕಚೇರಿ ಕೆಲಸ ಎಂದ ಅಂದಪ್ಪ. ಅಯ್ಯನವರು ನಂಬಲಿಲ್ಲ, ಎಂಟು ದಿನ ಅವನ ಮನೆಯ ಭಿಕ್ಷೆ ಮುಟ್ಟಲಿಲ್ಲ.

ದುರುಗವ್ವ ಒಳ್ಳೆಯ ಹೆಣ್ಣುಮಗಳು. ತನ್ನಿಬ್ಬರು ಅಣ್ಣಂದಿರನ್ನು ಕರೆದುಕೊಂಡು ಬಂದಳು. ಮೂವರೂ ಕೆರೆಯಂಗಳವನ್ನು ಮೂಲೆಮೂಲೆ ಅಡ್ಡಾಡಿ, ಜೋಳದ ಸಾಲು ಸರಿಸಿ, ಬಂಡೆಯ ಬುಡ ಬಗ್ಗಿ ನೋಡಿ, ನಕ್ಕು ನಕ್ಕು ಸುಸ್ತಾಗಿ, ಇಲ್ಲಿ ಒಂದು ಮೀನೂ ಇಲ್ಲವೆಂದು ಹೆಬ್ಬೆಟ್ಟು ಒತ್ತಿದರು. ಅಂದಪ್ಪ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ತಿರುಪತಿಯವರಿಗೆ ಒಪ್ಪಿಸಿದ.

ತಿರುಪತಿಯವರು ಓದಿ ಕನ್ನಡಕ ತೆಗೆದರು. ಆಮೇಲೆ, ಪರಿಸ್ಥಿತಿ ಇಷ್ಟು ಕೆಟ್ಟಿದೆಯೆಂದು ತಾವು ತಿಳಿದಿರಲಿಲ್ಲ ಎಂದರು. ಹುಟ್ಟು ಬೆಸ್ತರು ಮೂವರು ಹಗಲು ಪೂರ್ತಿ ಹುಡುಕಿದರೂ ಒಂದೇ ಒಂದು ಸಿಗಲಿಲ್ಲ ಅಂದರೆ ಸಂತತಿ ಅಳಿಯುವ ಹಂತಕ್ಕೆ ಬಂತು. ವರದಿ ಜರೂರ್ ಎಂದು ಮೇಲೆ ಹೋಯಿತು. ಐದು ತಿಂಗಳ ಬಂದಿ, ಅಂದರೆ ನಿಷೇಧ, ಒಂದು ವರ್ಷವಾಯಿತು, ಮತ್ತು ಖುದ್ದು ತಪಾಸಣೆಗಾಗಿ ಮೀನು ಖಾತೆಯ ಸಾಹೇಬರೊಬ್ಬರು ಹೊರಟರು.

ಸಾಹೇಬರು ಮೀನಿನ ಮೇಲೆ ಮೂರು ಪರೀಕ್ಷೆ ಪಾಸಾದವರು. ಸಮುದ್ರ ಮಾತ್ರ ಕಂಡಿರಲಿಲ್ಲ. ಅದು ಅವರ ತಪ್ಪಲ್ಲ, ಸರಕಾರದ ಬಳಿ ಇದ್ದರಲ್ಲವೇ ತೋರಿಸುವುದು. ಕುಷ್ಟಗಿವರೆಗೆ ಮೋಟಾರು, ಅಲ್ಲಿಂದ ಕುದುರೆಗಾಡಿ, ಕೊನೆಗೆ ಕಮಾನು ಕಟ್ಟಿದ ಬಂಡಿ. ಇಸ್ಫಂದಾರ್ ತಿಂಗಳ, ಅಂದರೆ ಜನವರಿಯ, ಒಂದು ಮುಂಜಾನೆ, ಕೊಡೆ ಹಿಡಿದು, ಮೊಣಕಾಲುದ್ದದ ಬೂಟು ತೊಟ್ಟು, ಒಡ್ಡಿನ ಮೇಲೆ ನಿಂತರು. ಜೋಳ ತೆನೆ ಹಿಡಿದಿತ್ತು. ಗಾಳಿ ಬೀಸಿತು. ನೂರು ಎಕರೆ ಜೋಳ ಆ ಗುಡ್ಡದಿಂದ ಈ ಗುಡ್ಡದವರೆಗೆ ಒಮ್ಮೆ ಬಾಗಿ ಎದ್ದಿತು.

"ಸುಬಹಾನಲ್ಲಾ," ಎಂದರು ಸಾಹೇಬರು. "ಮೌಜ್ ದೇಖೋ." ಅಲೆ ನೋಡು ಅಂತ ಹೇಳುತ್ತಿದ್ದಾರೆ ಎಂದು ತಿರುಪತಿಯವರು ಕನ್ನಡದಲ್ಲಿ ತಿಳಿಸಿದರು, ಅದನ್ನು ಅಂದಪ್ಪ ಟಿಪ್ಪಣಿ ಮಾಡಿಕೊಂಡ.

ಕಳಕಮ್ಮ ಮಂಚಿಕೆಯ ಮೇಲೆ ಕವಣಿ ಹಿಡಿದು ಹಕ್ಕಿ ಹೊಡೆಯುತ್ತಿದ್ದಳು. ಒಡ್ಡಿನ ಮೇಲೆ ಮಂದಿ ಕಂಡು ಇಳಿದು ಬಂದಳು. ಮನೆಗೆ ಬಂದವರು ಯಾರೇ ಆಗಲಿ, ಹೊಲ ಕಸಿಯಲು ಬಂದವರೇ ಆಗಲಿ, ಸುಮ್ಮನೆ ನಿಲ್ಲಿಸುವುದು ಅವಳ ರೀತಿಯಲ್ಲ. ಸಗಣಿ ಕುಳ್ಳಿನ ಬೆಂಕಿಯಲ್ಲಿ ಹಸಿ ತೆನೆ ಸುಟ್ಟು, ತಿಕ್ಕಿ ತೂರಿ, ಬೆಲ್ಲ, ಶೇಂಗಾ ಚಟ್ನಿ, ಬೆಳ್ಳೊಳ್ಳಿ ಹಿಂಡಿಯ ಜೊತೆಗೆ ಎಲೆಯಲ್ಲಿ ಸೀತೆನಿ ಕೊಟ್ಟಳು. ಸಾಹೇಬರು ಬಂಡೆಯ ಮೇಲೆ ಕೂತು ಒಂದು ಎಲೆ ತಿಂದರು. ಎರಡು ತಿಂದರು. ನಾಲ್ಕನೆಯ ಎಲೆಗೆ ಬೂಟು ಬಿಚ್ಚಿದರು. ತಮ್ಮ ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ಮೀನು ತಿಂದಿಲ್ಲ, ಮುಳ್ಳಿಲ್ಲ, ವಾಸನೆಯಿಲ್ಲ ಎಂದು ಕಣ್ಣು ಮುಚ್ಚಿ ಹೇಳಿದರು. ಇದನ್ನು ಅಳಿಯಲು ಬಿಡುವುದು ಪಾಪ, ಬಂದಿಯನ್ನು ಮೂರು ವರ್ಷ ಮಾಡಬೇಕು ಎಂದರು.

ಅಂದಪ್ಪನ ಕೈಯಲ್ಲಿ ಲೆಕ್ಕಣಿಕೆ ನಿಂತುಬಿಟ್ಟಿತು. ಆಗ ಕಳಕಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಂದು ಮಾತು ಕೇಳಿದಳು.

"ಸಾಹೇಬ್ರ, ಈ ಮೀನು ಫರ್ವರ್ದಿಯಾಗ ಬಲಿತು, ಒಣಗಿ, ನಿಂತಲ್ಲೇ ತಾನ ಸಾಯತಾವ್ರಿ. ಜೀವಂತ ಮೀನಿಗಿ ನಾವು ಕೈ ಹಚ್ಚಂಗಿಲ್ಲ. ಸತ್ತದ್ದು ಎತ್ತಿ ಹಾಕಾಕ ನಿಮ್ಮ ಕಾಯ್ದೆದಾಗ ಅಡ್ಡಿ ಐತೇನ್ರಿ?"

ತಿರುಪತಿಯವರು ಉರ್ದು ಮಾಡಿ ಹೇಳಿದರು. ಸಾಹೇಬರು ಕಣ್ಣು ತೆರೆದರು. ಪೆಟ್ಟಿಗೆಯಿಂದ ಕಾಯದೆಯ ಪುಸ್ತಕ ತೆಗೆಸಿ ಬಂಡೆಯ ಮೇಲೆ ಹರವಿದರು. ಅಡ್ಡಿ ಇರಲಿಲ್ಲ. ಅಡ್ಡಿ ಹಾಗಿರಲಿ, ಸತ್ತ ಮೀನನ್ನು ಏಳು ದಿನದೊಳಗೆ ದಂಡೆಗೆ ತಂದು ವಿಲೇವಾರಿ ಮಾಡದಿದ್ದರೆ ರೋಗ ಹರಡಿಸಿದ ಅಪರಾಧವಾಗುತ್ತಿತ್ತು. ಕುಡಗೋಲಿನ ಮಾತು ಜೀವಂತ ಮೀನಿಗೆ ಮಾತ್ರ ಲಾಗೂ. ಅಂದಪ್ಪನಿಗೆ ಹೆಂಡತಿಯ ಕಾಲು ಹಿಡಿಯುವಷ್ಟು ಸಂತೋಷವಾಯಿತು, ಆದರೆ ಕಚೇರಿಯವರು ಎದುರಿಗಿದ್ದರು. ಫರ್ವರ್ದಿಯಲ್ಲಿ ಎಂಟೂ ಮನೆಯವರು ಸರಕಾರಿ ಹುಕುಮಿನ ಪ್ರಕಾರ ಸತ್ತ ಮೀನನ್ನು ಕೊಯ್ದು, ಕಣ ಮಾಡಿ, ಹಂತಿ ಹೊಡೆದು, ತೂರಿ, ನೆಲದೊಳಗಿನ ಹಗೇವಿಗೆ ವಿಲೇವಾರಿ ಮಾಡಿದರು. ತಹಶೀಲ್ದಾರ ಸಾಹೇಬರ ಮನೆಗೆ ಮೂರು ಚೀಲ, ತಿರುಪತಿಯವರ ಮನೆಗೆ ಎರಡು ಚೀಲ ನಮೂನೆಯೆಂದು ಹೋದವು. ಪರೀಕ್ಷೆ ಆ ಎರಡು ಮನೆಗಳಲ್ಲಿ ದಿನಕ್ಕೆರಡು ಸಲ ವರ್ಷಪೂರ್ತಿ ನಡೆಯಿತು.

ಅದೇ ಸಾಲಿನಲ್ಲಿ ಲೆವಿ ಬಂತು. ಯುದ್ಧ, ದಂಡಿಗೆ ಕಾಳು ಬೇಕು. ಪ್ರತಿಯೊಬ್ಬ ರೈತ ಇಷ್ಟಿಷ್ಟು ಜೋಳ ಒಪ್ಪಿಸತಕ್ಕದ್ದು. ಲೆವಿಯವರು ಮನೆಮನೆ ಹೊಕ್ಕು ಹಗೇವು ತೆಗೆಸಿದರು. ಆರು ಹಳ್ಳಿಯ ಹೆಣ್ಣುಮಕ್ಕಳು ಅಳುವುದನ್ನು ನೋಡಲಾಗುತ್ತಿರಲಿಲ್ಲ. ಕಲ್ಸಮುದ್ರಕ್ಕೂ ಬಂದರು. ಅಂದಪ್ಪ ಕೆಂಪು ದಾರ ಕಟ್ಟಿದ ಕಾಗದದ ಕಂತೆ ಬಿಚ್ಚಿ ಅವರ ಮುಂದೆ ಇಟ್ಟ. ಲೆವಿ ಜೋಳಕ್ಕೆ, ಈ ಊರಲ್ಲಿ ಇರುವುದು ಮೀನು. ಲೆವಿಯವರು ಹಗೇವಿಗೆ ಕೈ ಹಾಕಿ ಒಂದು ಮುಷ್ಟಿ ಕಾಳು ತೆಗೆದು ನೋಡಿದರು, ಕಾಗದ ನೋಡಿದರು, ಕಾಗದದ ಮೇಲಿನ ಎಂಟು ಜರೂರ್ ನೋಡಿದರು, ಕಾಳನ್ನು ಮೆಲ್ಲಗೆ ವಾಪಸು ಬಿಟ್ಟು ಕೈ ತೊಳೆದುಕೊಂಡರು. ಅವರಲ್ಲಿಬ್ಬರು ಮೀನು ಮುಟ್ಟದವರು.

ಅಂದಿನಿಂದ ಕಲ್ಸಮುದ್ರದಲ್ಲಿ ಜೋಳ ಎಂಬ ಶಬ್ದ ಬಂದ್ ಆಯಿತು. ಬಾಯಿ ತಪ್ಪಿ ಯಾರಾದರೂ ಅಂದರೆ ದೊಡ್ಡವರು ಗದರುತ್ತಿದ್ದರು. ಬೀಸುಕಲ್ಲಿನ ಮುಂದೆ ಮೀನು ಬೀಸುತ್ತಿದ್ದರು, ಬಾಣಂತಿಗೆ ಮೀನಿನ ಗಂಜಿ ಕೊಡುತ್ತಿದ್ದರು. ಉಳಿದ ಆರು ಹಳ್ಳಿಯವರು ತಮ್ಮ ಹೊಲವನ್ನೂ ಸಮುದ್ರ ಮಾಡಿಕೊಡಬೇಕೆಂದು ಅರ್ಜಿ ಕೊಟ್ಟರು. ಒಂದು ಜಾಗೀರಿಗೆ ಒಂದೇ ಸಮುದ್ರ ಎಂದು ತಿರುಪತಿಯವರು ಮೊದಲು ಖಂಡಿತವಾಗಿ ಹೇಳಿದರು. ಆಮೇಲೆ ನಮೂನೆಗಳು ಬರತೊಡಗಿದ ಮೇಲೆ, ಸಮುದ್ರ ಒಂದೇ ಆದರೂ ಅದಕ್ಕೆ ಕೊಲ್ಲಿಗಳು ಇರಬಹುದು ಎಂದು ಕಂಡುಕೊಂಡರು. ಎರಡು ಹಳ್ಳಿ ಕೊಲ್ಲಿಯಾದವು.

ಇಷ್ಟಕ್ಕೆ ನಿಂತಿದ್ದರೆ ಸುಖವಿತ್ತು. ಮೀನು ಖಾತೆಯ ಸಾಹೇಬರು ಹೈದರಾಬಾದಿಗೆ ಹೋದವರು ಒಂದು ಸೂಚನೆ ಬರೆದಿದ್ದರು: ಸಮುದ್ರದ ಒಂದು ಬದಿ ಒಡೆದಿರುವುದು ಶೋಭೆಯಲ್ಲ, ಕೂಡಲೇ ರಿಪೇರಿ ಆಗತಕ್ಕದ್ದು. ತೀರ್ ತಿಂಗಳ ಬಿಸಿಲಿನಲ್ಲಿ ಊರವರಿಂದಲೇ ಬಿಟ್ಟಿ ಬೇಗಾರು ಮಾಡಿಸಿ ಒಡ್ಡಿನ ಬಿರುಕು ಮುಚ್ಚಿಸಿದರು. ಮೆಹರ್ ತಿಂಗಳಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ನಾಲ್ಕನೆಯ ದಿನ ಎದ್ದು ನೋಡಿದರೆ ಕಲ್ಸಮುದ್ರದಲ್ಲಿ ನೀರಿತ್ತು.

ಮೂರು ತಲೆಮಾರಿನವರು ಕಾಣದ ನೀರು. ಗುಡ್ಡದಿಂದ ಗುಡ್ಡಕ್ಕೆ ಕೆಂಪಗೆ ತುಂಬಿ ನಿಂತಿತ್ತು. ಮುದಿಯಪ್ಪಜ್ಜ ಕೋಲೂರಿಕೊಂಡು ಬಂದು ಒಂದು ಬೊಗಸೆ ಕುಡಿದು, ಉಪ್ಪಿಲ್ಲವೆಂದು ಹೇಳಿ ಹೋದ. ಕಳಕಮ್ಮ ಮೂವತ್ತು ಮೆಟ್ಟಿಲು ಇಳಿಯದೆ ಒಡ್ಡಿನ ಮೇಲೆ ಕೂತೇ ಕೊಡ ತುಂಬಿಕೊಂಡಳು, ಜನ್ಮದಲ್ಲಿ ಮೊದಲ ಸಲ. ತುಂಬಿಕೊಂಡವಳು ಏಳಲಿಲ್ಲ. ಹೊಲ ಆ ನೀರಿನ ತಳದಲ್ಲಿತ್ತು. ಹಿಂಗಾರಿ ಬಿತ್ತಿಗೆ ತಿಂಗಳೊಪ್ಪತ್ತು ಉಳಿದಿತ್ತು. ನೀರು ಬೇಕು, ಹೊಲವೂ ಬೇಕು, ಎರಡೂ ಒಂದೇ ಜಾಗದಲ್ಲಿ ಇವೆಯಲ್ಲ ಎಂದು ಅವಳಿಗೆ ಅಳು ಬಂತು, ಅತ್ತಳು.

ಸುದ್ದಿ ಕೇಳಿ ದುರುಗವ್ವ ಬಲೆ ಹೊತ್ತು ಬಂದಳು. ಎಲ್ಲಿಂದ ಬಂದವೋ, ನೀರಿನಲ್ಲಿ ಮೀನೂ ಇದ್ದವು. ಮೊಣಕೈ ಉದ್ದದ್ದೊಂದನ್ನು ಹಿಡಿದು, ಇಷ್ಟು ದಿನ ಹುಡುಕಿದ್ದು ಸಿಕ್ಕಿತೆಂದು ನಗುತ್ತ ಕಚೇರಿಗೆ ಒಯ್ದು ಮೇಜಿನ ಮೇಲೆ ಇಟ್ಟಳು. ಅದು ಬಾಲ ಬಡಿಯಿತು. ತಿರುಪತಿಯವರು ಕೈಫಿಯತ್ತು ತೆಗೆಸಿ ಖಾನೆ ಖಾನೆ ತಾಳೆ ನೋಡಿದರು. ಇದು ಆಳುದ್ದ ಇರಲಿಲ್ಲ, ತೆನೆ ಇರಲಿಲ್ಲ, ರೊಟ್ಟಿಗೆ ಬರುತ್ತಿರಲಿಲ್ಲ.

"ಇದು ಮೀನಲ್ಲವ್ವ," ಎಂದರು.

"ಅಲ್ಲಂದ್ರ ಮತ್ತೇನ್ರಿ ಯಪ್ಪಾ ಇದು?" ಎಂದಳು ದುರುಗವ್ವ.

ಮೀನಲ್ಲದ ತಿನ್ನುವ ವಸ್ತುಗಳಿಗೆ ಕಚೇರಿಯಲ್ಲಿ ಉಳಿದಿದ್ದ ಖಾನೆ ಒಂದೇ, ಧಾನ್ಯ. ಧಾನ್ಯ ಎಂದು ನಮೂದಾಯಿತು. ಧಾನ್ಯ ಅಂದ ಮೇಲೆ ಲೆವಿ ಬಿತ್ತು. ಮೇಜಿನ ಮೇಲಿದ್ದದ್ದು ಲೆವಿಯ ಬಾಬ್ತು ತಹಶೀಲ್ದಾರ ಸಾಹೇಬರ ಅಡಿಗೆಮನೆಗೆ ಹೋಯಿತು. ದುರುಗವ್ವ ಬರಿಗೈಯಲ್ಲಿ ಹೊರಬಂದು ಕಚೇರಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದಳು. ಅಂದಪ್ಪ ಹೊರಗೆ ಬಂದು ಅವಳ ಹತ್ತಿರ, ಐದು ಹೆಜ್ಜೆ ಬಿಡದೆ, ನಿಂತ. ಮೂಗು ಮುಚ್ಚಿಕೊಳ್ಳುವುದು ಅವನಿಗೆ ನೆನಪಾಗಲಿಲ್ಲ.

ಅಂದು ಮನೆಯಲ್ಲಿ ಕಳಕಮ್ಮ ಕಂದೀಲು ಹಚ್ಚಿ ಗಂಡನ ಮುಂದೆ ದೌತಿ, ಲೆಕ್ಕಣಿಕೆ ತಂದಿಟ್ಟಳು.

"ಮದಲ ಕಂಡದ್ದು ಬರದು ಹೊಲ ಕಳದ್ರಿ," ಎಂದಳು. "ಈಗೂ ಕಂಡದ್ದ ಬರೀರಿ. ಆದ್ರ ಯಾರು ಓದ್ತಾರ ಅನ್ನೂದು ನೆನಪಿಟ್ಟು ಬರೀರಿ."

ಅಂದಪ್ಪ ಬರೆದ. ಒಂದೂ ಸುಳ್ಳು ಬರೆಯಲಿಲ್ಲ. ಮೌಜೆ ಕಲ್ಸಮುದ್ರದ ಸಮುದ್ರದೊಳಗೆ ನೀರು ಬಂದಿರುತ್ತದೆ. ನೀರು ಹೀಗೆಯೇ ನಿಂತರೆ ಬಿಳಿಜೋಳ ಮೀನಿನ ಒಂದು ಮರಿಯೂ ಬದುಕುವುದಿಲ್ಲ. ಮುಂದಿನ ಹುಕುಂ ಆಗಬೇಕು. ಮೇಲೆ ತಾನೇ ಒಂದು ಜರೂರ್ ಹಾಕಿದ, ನೌಕರಿಯಲ್ಲಿ ಮೊದಲ ಸಲ.

ಹದಿನೆಂಟು ದಿನಕ್ಕೆ ಉತ್ತರ ಬಂತು. ಸದರಿ ಸಮುದ್ರದಲ್ಲಿ ನೀರು ಇರುವುದಾಗಿ ಮೂಲ ಕೈಫಿಯತ್ತಿನ ಹನ್ನೊಂದು ಖಾನೆಗಳ ಪೈಕಿ ಯಾವುದರಲ್ಲೂ ನಮೂದಿಲ್ಲ. ಆದಕಾರಣ ಇದು ಅಕ್ರಮ ನೀರು. ಹುಕುಂ ತಲುಪಿದ ಎಂಟು ದಿನದೊಳಗೆ ಅಕ್ರಮ ನೀರನ್ನು ಹೊರಹಾಕಿ ಸಮುದ್ರವನ್ನು ಮೊದಲಿನ ಸ್ಥಿತಿಗೆ ತರತಕ್ಕದ್ದು.

ಆಬಾನ್ ತಿಂಗಳ ಮೊದಲ ವಾರ ಊರವರೆಲ್ಲ ಗುದ್ದಲಿ, ಹಾರಿ ತಗೊಂಡು ತೀರ್ ತಿಂಗಳಲ್ಲಿ ತಾವೇ ಮುಚ್ಚಿದ ಬಿರುಕನ್ನು ತಾವೇ ಬಿಚ್ಚಿದರು. ತಹಶೀಲ್ದಾರ ಸಾಹೇಬರು ಕುರ್ಚಿ ಹಾಕಿಸಿಕೊಂಡು ಉಸ್ತುವಾರಿ ಕೂತರು. ನೀರು ಹೊರಟಿತು. ಎರಡು ದಿನ ಎರಡು ರಾತ್ರಿ ಹರಿದು ಹಳ್ಳ ಸೇರಿ ಎತ್ತಲೋ ಹೋಯಿತು. ಹೆಣ್ಣುಮಕ್ಕಳು ಮನೆಯಲ್ಲಿದ್ದ ಕೊಡ, ಹರವಿ, ಗಡಿಗೆ, ಕೊನೆಗೆ ಒಲೆಯ ಮೇಲಿನ ಪಾತ್ರೆಯವರೆಗೆ ತುಂಬಿಟ್ಟುಕೊಂಡರು. ಕಳಕಮ್ಮ ಒಡ್ಡಿನ ಮೇಲೆ ನಿಂತು ನೋಡಿದಳು. ಹೊಲ ಉಳಿಯಿತೆಂದು ಹಿಗ್ಗು, ನೀರು ಹೋಯಿತೆಂದು ಸಂಕಟ. ಯಾವುದನ್ನು ಗಂಡನ ಮೇಲೆ ಹಾಕಬೇಕೋ ತಿಳಿಯದೆ ಎರಡನ್ನೂ ಹಾಕಿದಳು. ಅಂದಪ್ಪ ಹೂಂ ಎಂದ. ಮೂರನೆಯ ದಿನ ಹಸಿ ಎರೆಯಲ್ಲಿ ಕೂರಿಗೆ ಹೂಡಿದರು. ಅಂಥ ಹದ ಯಾರೂ ಕಂಡಿರಲಿಲ್ಲ.

ಹೊಸ ಫಸಲಿಯಲ್ಲಿ ಅಂದಪ್ಪನಿಗೆ ಬಡ್ತಿಯಾಯಿತು. ಹನ್ನೊಂದು ವರ್ಷ ಕಂಡದ್ದನ್ನು ಬರೆದು ಗುಮಾಸ್ತನಾಗಿಯೇ ಉಳಿದವನು ಸಮುದ್ರದ ದರೋಗನಾದ. ಪ್ರತಿ ಮಳೆಗಾಲಕ್ಕೂ ಮುಂಚೆ ಒಡ್ಡು ಒಡೆದೇ ಇದೆಯೋ ಇಲ್ಲವೋ ನೋಡಿಬರುವುದು ಅವನ ಕೆಲಸ. ದುರುಗವ್ವ ಸಂತೆಗೆ ಬರುವುದು ಬಿಡಲಿಲ್ಲ. ಕಚೇರಿಯ ದಾಖಲೆಗೆ ವಿರುದ್ಧ ಹೋದರೆ ಬುಟ್ಟಿ ಜಪ್ತಿ ಆಗುತ್ತಿತ್ತು. ಹೊಳೆಯ ಒಣಮೀನನ್ನು ಎದುರಿಗೆ ಹರವಿಕೊಂಡು "ಛಲೋ ಜ್ವಾಳ ಐತಿ, ಬರ್ರಿ" ಎಂದು ಕೂಗುತ್ತಿದ್ದಳು. ತಿನ್ನುವವರಿಗೆ ತಿಳಿಯುತ್ತಿತ್ತು, ತಿನ್ನದವರು ಅತ್ತ ಹೋಗುತ್ತಿರಲಿಲ್ಲ, ವ್ಯಾಪಾರಕ್ಕೆ ಕೊರತೆಯಾಗಲಿಲ್ಲ.

ಸುಗ್ಗಿ ಮುಗಿದು ಹಗೇವು ತುಂಬಿದ ಒಂದು ಸೋಮವಾರ, ಅಂದಪ್ಪ ಉಣ್ಣಲು ಕೂತಿದ್ದ. ತಲಬಾಗಿಲಲ್ಲಿ ಗಂಟೆಯ ಸದ್ದಾಯಿತು. ಮಠದ ಅಯ್ಯನವರು, ಸಂತೆಯಲ್ಲಿ ಅವನನ್ನು ಗದರಿದ ಅದೇ ಅಯ್ಯನವರು, ಹಣೆತುಂಬ ವಿಭೂತಿ, ಹೆಗಲಲ್ಲಿ ಜೋಳಿಗೆ, ಕಟ್ಟೆಯ ಮೇಲೆ ಲೆವಿಯವರು ಕೂತದ್ದನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಎಂದಿನ ರಾಗದಲ್ಲೇ ಕೂಗಿದರು.

"ಕಳಕವ್ವ, ಒಂದು ಮರ ಮೀನು ನೀಡವ್ವ."

ಕಳಕಮ್ಮ ಮೊರ ತುಂಬ ತಂದು ಜೋಳಿಗೆಗೆ ಸುರುವಿ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ಅಯ್ಯನವರು ಹರಸಿ ಬಾಜೂಕಿನ ಮನೆಗೆ ನಡೆದರು. ಅಂದಪ್ಪ ತಲೆ ಎತ್ತಲಿಲ್ಲ, ಇನ್ನರ್ಧ ರೊಟ್ಟಿ ಹಾಕು ಎಂದ.